ಹೋಗುವ ಹಾಡುಗಳ ಸಾಹೇಬರು

ಹೋದ ತಿಂಗಳು ಭಟ್ಕಳಕ್ಕೆ ಹೋಗಿ ಬಂದೆ. ತಲೆಯ ಮೇಲೆ ಬುಟ್ಟಿ ಇಲ್ಲದೆ ನಾನು ಭಟ್ಕಳದಲ್ಲಿ ಇಳಿದದ್ದು ಅದೇ ಮೊದಲು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ನಮ್ಮ ಟೆಂಪೋ ಸಾಹೇಬರು ತೀರಿಹೋದ ಸುದ್ದಿ ನಮ್ಮೂರಿಗೆ ಮುಟ್ಟುವ ಹೊತ್ತಿಗೆ ಹನ್ನೆರಡು ದಿನ ಕಳೆದುಹೋಗಿತ್ತು. ಅವರ ಮನೆಯ ಒಳಕೋಣೆಯಲ್ಲಿ, ಚಾಪೆಯ ಮೇಲೆ, ಅವರ ಹೆಂಡತಿಯ ಪಕ್ಕ ಕೂತೆ. ಆಕೆ ನನ್ನ ಕೈ ಹಿಡಿದುಕೊಂಡರು.

"ಅಕ್ಕಾ, ಮನೆಗೆ ಯಾರು ಬಂದ್ರೂ ಅವ್ರು ಇದೊಂದು ಮಾತು ಹೇಳ್ತಿದ್ರು. ನನ್ನ ಕೊನೇ ಟ್ರಿಪ್ಪು ಹೊಳನಗದ್ದೆ ಅಕ್ಕನ ಮೊಮ್ಮಗಳದ್ದು, ಐದು ದಿನದ ಕೂಸನ್ನ ಒಂದು ಗುಂಡಿಗೂ ಹಾರಿಸದೆ ಮನೆ ಮುಟ್ಟಿಸಿದೆ, ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ ಅಂತ. ಹೌದಲ್ಲ ಅಕ್ಕಾ?"

"ಹೌದು ತಂಗೀ," ಎಂದೆ.

ಅದು ಸುಳ್ಳು. ಆ ದಿನ ಗಾಡಿ ಅವರದ್ದೇ, ಕೂಸು ನಮ್ಮದೇ. ಆದರೆ ಸ್ಟೇರಿಂಗ್ ಹಿಡಿದವರು ಅವರಲ್ಲ. ಹಿಡಿಯಲಿಕ್ಕೆ ಬಿಡದವಳು ನಾನು. ಆ ಚಾಪೆಯ ಮೇಲೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅವರ ಹೆಸರು ಬರೆಯುವುದಿಲ್ಲ. ನಿಜ ಹೇಳಬೇಕೆಂದರೆ ಅವರ ಪೂರ್ತಿ ಹೆಸರು ನನಗೆ ಗೊತ್ತಾದದ್ದೂ ಮೊನ್ನೆಯೇ. ಹದಿನಾಲ್ಕು ವರ್ಷ ಅವರು ಭಟ್ಕಳ–ಕುಮಟೆ ಟೆಂಪೋ ಓಡಿಸಿದರು, ಹನ್ನೊಂದು ವರ್ಷ ನಾನು ಅದರಲ್ಲಿ ಕೂತೆ. ಅಷ್ಟು ದಿನವೂ ಅವರು ನಮಗೆ ಸಾಹೇಬ್ರು, ನಾವು ಅವರಿಗೆ ಅಕ್ಕ. ಅದರ ಮೇಲೆ ಹೆಸರು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ದಿನವಿಡೀ ಕಳೆ ಕಿತ್ತರೂ ಬಾರದ ಕೈನೋವು ಒಂದು ಪುಟ ಬರೆದರೆ ಬರುತ್ತದೆ. ಆದರೂ ಬರೆಯುತ್ತೇನೆ. ಪಕ್ಕದಲ್ಲಿ ಮೊಮ್ಮಗಳು ಕೂತಿದ್ದಾಳೆ. ಎರಡನೇ ಕ್ಲಾಸಿನವಳು. "ಅಜ್ಜೀ, ನೀ ಬರೆದ 'ಭ' ಹೊಟ್ಟೆ ಇಲ್ಲದ ಹಾಂಗೆ ಅದೆ" ಎಂದು ತಿದ್ದುತ್ತಾಳೆ. ತಿದ್ದಲಿ. ಆ ತಿದ್ದುವ ಬೆರಳನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಇವಳು ಗದ್ದೆಯ ಅಂಚಿನ ಹಾಳಿಯ ಮೇಲೆ ಓಡುವುದು, ಪೇಟೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವುದು, ಮೀನಿನ ತಲೆ ತನಗೇ ಬೇಕೆಂದು ಜಗಳಾಡುವುದು! ಇವಳ ವಿಷಯ ಶುರು ಮಾಡಿದರೆ ಸಾಹೇಬರು ಹಿಂದೆ ಉಳಿದುಬಿಡುತ್ತಾರೆ. ಇರಲಿ.

ಹೊಳನಗದ್ದೆಯ ನಾವು ಐದಾರು ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಭಟ್ಕಳಕ್ಕೆ ತರಕಾರಿ ಒಯ್ಯುತ್ತಿದ್ದೆವು. ಕುಮಟೆ ಹತ್ತಿರವೇ ಇದೆ, ಆದರೆ ಅಲ್ಲಿ ಎಲ್ಲರ ಹಿತ್ತಿಲಲ್ಲೂ ಬಸಳೆ ಚಪ್ಪರ ಇದೆ. ಭಟ್ಕಳದ ಮನೆಗಳಲ್ಲಿ ನಮ್ಮ ಬಸಳೆ, ಹರಿವೆ, ಹೆಣೆದು ಕಟ್ಟಿದ ಸಿಹಿ ಈರುಳ್ಳಿ ಕಂಡರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಬಸ್ಸಿನಲ್ಲಿ ಬುಟ್ಟಿಗಳಿಗೆ ಜಾಗ ಸಿಗುವುದಿಲ್ಲ. ಸಾಹೇಬರು ಮಾತ್ರ ತಮ್ಮ ಬಿಳಿ ಟೆಂಪೋದ ಹಿಂದಿನ ಎರಡು ಸೀಟು ಕಿತ್ತುಹಾಕಿ ಬುಟ್ಟಿಗಳಿಗೆ ಜಾಗ ಮಾಡಿದ್ದರು. ನನಗೆ ಹಿಂದೆ ಕೂತರೆ ವಾಂತಿ. ಅದಕ್ಕೆ ಮುಂದಿನ ಸೀಟು, ಅವರ ಪಕ್ಕದ್ದು, ನನ್ನದೇ ಆಯಿತು.

ಮೊದಲ ದಿನ ಗಾಡಿ ಹತ್ತಿ ಕೂತರೆ ಒಳಗೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವನ ಹಾಗೆ ಒಬ್ಬ ಕೂಗುತ್ತಿದ್ದ. ಇಂಗ್ಲಿಷ್ ಹಾಡು. ಗಿಟಾರು ಕಿರ್ರೆನ್ನುತ್ತಿತ್ತು, ಡ್ರಮ್ಮು ನಮ್ಮ ಬುಟ್ಟಿಯ ಒಳಗೇ ಕೂತು ಬಡಿಯುತ್ತಿತ್ತು. ನನ್ನ ಜೊತೆಗಾತಿ ದೇವಿಯಕ್ಕ ಸುಮ್ಮನಿರುವವಳಲ್ಲ.

"ಸಾಹೇಬ್ರೇ, ಅವಂಗೆ ಎಂತ ಆತು? ಯಾರಾದ್ರೂ ಹೊಡದ್ರಾ?"

"ಇಲ್ಲ ಅಕ್ಕಾ. ಅವನಿಗೆ ಖುಷಿ ಆಗಿದೆ."

"ಖುಷಿ ಆದ್ರೆ ಹಿಂಗೆ ಕೂಗ್ತಾರಾ? ಬುಟ್ಟಿ ಪೂರ ಖಾಲಿ ಆದ ದಿನಾನೂ ನಾ ಇಷ್ಟು ಕೂಗೂದಿಲ್ಲ."

"ಅವನ ಹತ್ರ ಗಾಡಿ ಉಂಟು. ಟ್ಯಾಂಕಿ ಫುಲ್ ಉಂಟು. ಎದುರಿಗೆ ರಸ್ತೆ ಖಾಲಿ ಉಂಟು. ಅಷ್ಟೇ ಅಕ್ಕಾ ಹಾಡು."

"ಅಷ್ಟೇಯಾ? ಯಾವ ಊರಿಗೆ ಹೋತಾ ಅವ?"

"ಊರಿನ ಹೆಸರು ಹೇಳೂದಿಲ್ಲ."

"ಹಾಂಗಾರೆ ಅವಂಗೆ ಟಿಕೆಟ್ ಹರಿಯೂದು ಹ್ಯಾಂಗೆ?"

ಸಾಹೇಬರು ಸ್ಟೇರಿಂಗಿನ ಮೇಲೆ ಬಗ್ಗಿ ನಕ್ಕರು. ನಗುವಾಗ ಅವರ ಭುಜ ಮಾತ್ರ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಆ ಹಾಡುಗಳು ಅವರಿಗೆ ಸಿಕ್ಕಿದ್ದು ಗಲ್ಫಿನಲ್ಲಿ. ಅಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರನ ಕಾರು ಓಡಿಸುತ್ತಿದ್ದರಂತೆ. ಮರಳುಗಾಡಿನ ರಸ್ತೆ, ನೂಲು ಹಿಡಿದು ಎಳೆದಷ್ಟು ನೆಟ್ಟಗೆ. "ಎರಡು ತಾಸು ಸ್ಟೇರಿಂಗ್ ತಿರುಗಿಸೂದೇ ಇಲ್ಲ ಅಕ್ಕಾ. ಕಣ್ಣು ಮುಚ್ಚಿ ಬರ್ತದೆ. ಆಗ ಆ ದೊರೆ ಕ್ಯಾಸೆಟ್ ಹಾಕ್ತಿದ್ದ, ತಾನೂ ಹಾಡ್ತಿದ್ದ, ಬಾಗಿಲಿಗೆ ಬಡೀತಿದ್ದ. ನಾನು ನಿದ್ದೆ ಮಾಡಬಾರದು ಅಂತ ಅರ್ಥ ಹೇಳಿಕೊಡ್ತಿದ್ದ." ಆತ ಊರಿಗೆ ಹೊರಡುವಾಗ ಒಂದು ಡಬ್ಬಿ ತುಂಬ ಕ್ಯಾಸೆಟ್ಟು ಇವರ ಕೈಗೆ ಕೊಟ್ಟು ಹೋದ. ಆ ಡಬ್ಬಿಯೇ ಭಟ್ಕಳಕ್ಕೆ ಬಂತು. ಆಮೇಲೆ ಇವರ ಮಗ ಅವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಹಾಡು ಬದಲಾಗಲಿಲ್ಲ.

ನಾನೊಮ್ಮೆ ಕೇಳಿದೆ, ಅಷ್ಟು ಒಳ್ಳೆಯ ರಸ್ತೆ ಬಿಟ್ಟು ಈ ಗುಂಡಿಗೆ ಎಂತಕ್ಕೆ ಬಂದ್ರಿ ಎಂದು. ಅವರು ಒಂದು ಗುಂಡಿ ತಪ್ಪಿಸಿ ಗೇರ್ ಬದಲಿಸಿದರು.

"ಅಲ್ಲಿ ರಸ್ತೆ ಇತ್ತು, ಹೋಗ್ಲಿಕ್ಕೆ ನಮ್ಮದು ಅಂತ ಊರು ಇರ್ಲಿಲ್ಲ. ಇಲ್ಲಿ ಊರು ಉಂಟು, ರಸ್ತೆ ಇಲ್ಲ. ಎರಡೂ ಒಟ್ಟಿಗೆ ಯಾರಿಗೆ ಸಿಕ್ಕಿದೆ ಹೇಳಿ."

ಮನುಷ್ಯ ಉದ್ದಕ್ಕೆ, ಸಣಕಲು. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ನಮ್ಮ ಬುಟ್ಟಿಗಳ ಮಣ್ಣಿನ ವಾಸನೆ, ಬಂದರಿನಿಂದ ಹತ್ತುವವರ ಮೀನಿನ ವಾಸನೆ, ಮಧ್ಯೆ ಅವರ ಅತ್ತರು. ಮೂರೂ ಸೇರಿ ಆ ಗಾಡಿಗೇ ಒಂದು ವಾಸನೆ ಇತ್ತು. ಅದು ಈಗಲೂ ಯಾವುದೋ ಗಾಳಿಯಲ್ಲಿ ನನ್ನ ಮೂಗಿಗೆ ಬರುತ್ತದೆ. ಗಾಡಿ ಬಿಡುವ ಮೊದಲು ಡ್ಯಾಶ್‌ಬೋರ್ಡಿಗೆ ಎರಡು ಸಲ ತಟ್ಟುತ್ತಿದ್ದರು, ಎಮ್ಮೆಯ ಬೆನ್ನಿಗೆ ತಟ್ಟಿದ ಹಾಗೆ. ಹಾಡಿನಲ್ಲಿ ಡ್ರಮ್ಮು ಜೋರಾಗುವ ಜಾಗ ಬಂದರೆ ಹೆಬ್ಬೆರಳಿನಿಂದ ಸ್ಟೇರಿಂಗಿಗೆ ತಾಳ. ಆದರೆ ಗಾಡಿ ಜೋರು ಮಾಡಿದವರಲ್ಲ. ಹಾಡಿನವನು ನೂರರಲ್ಲಿ ಹೋಗುತ್ತಿದ್ದರೆ ಇವರು ಕರ್ಕಿ ತಿರುವಿನಲ್ಲಿ ಇಪ್ಪತ್ತರಲ್ಲಿ ಇರುತ್ತಿದ್ದರು. "ನಿಮ್ಮ ದೊರೆ ಮುಂದೆ ಹೋದ, ನಾವು ಇಲ್ಲೇ ಉಳದ್ವು" ಎಂದು ದೇವಿಯಕ್ಕ ಹಿಂದಿನಿಂದ ಚುಚ್ಚುತ್ತಿದ್ದಳು. "ಹೋಗ್ಲಿ ಬಿಡಿ, ಹೊನ್ನಾವರದಲ್ಲಿ ಚಾಕ್ಕೆ ನಿಲ್ತಾನೆ, ಹಿಡಿಯುವ" ಎನ್ನುತ್ತಿದ್ದರು ಇವರು.

ಕೇಳಿ ಕೇಳಿ ನಮಗೂ ಆ ಹಾಡುಗಳು ಬಾಯಿಪಾಠವಾದವು. ಮಾತು ತಿಳಿಯದಿದ್ದರೂ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಗೊತ್ತಿತ್ತು. ಒಂದೊಂದರ ಅರ್ಥ ಕೇಳುತ್ತಿದ್ದೆವು. ಒಬ್ಬ ಹಳೇ ಟ್ರಕ್ಕಿನಲ್ಲಿ ಹೊರಟಿದ್ದಾನೆ. ಒಬ್ಬ ಕಿಟಕಿ ಇಳಿಸಿ ಗಾಳಿ ಕುಡಿಯುತ್ತಿದ್ದಾನೆ. ಒಬ್ಬನ ಪಕ್ಕದಲ್ಲಿ ಹುಡುಗಿ ಕೂತಿದ್ದಾಳೆ, ಇಬ್ಬರೂ ಹಿಂದೆ ತಿರುಗಿ ನೋಡುವುದಿಲ್ಲ. ದೇವಿಯಕ್ಕ ಲೆಕ್ಕ ಹಿಡಿದಳು.

"ಅಲ್ಲ ಸಾಹೇಬ್ರೇ, ಎಲ್ಲ ಹಾಡಲ್ಲೂ ಹೋಗೂದೇ ಹೋಗೂದು. ಬರೂದು ಯಾವಾಗ?"

"ಬರೂದು ನಿಮ್ಮ ಹಾಡಲ್ಲಿ ಉಂಟಲ್ಲ ಅಕ್ಕಾ."

ಹೌದು. ನಮ್ಮ ಭತ್ತದ ನಟ್ಟಿಯ ಹಾಡುಗಳನ್ನು ನಾವು ಗಾಡಿಯಲ್ಲಿ ಹಾಡುತ್ತಿದ್ದೆವು, ಹಾಡೆಂದು ಅವರೇ ಒತ್ತಾಯಿಸುತ್ತಿದ್ದರು. ಅದರಲ್ಲಿ ಹೆಣ್ಣು ಎಷ್ಟು ಹೊಳೆ ದಾಟಿದರೂ, ಎಷ್ಟು ಜನರ ಹತ್ತಿರ ದಾರಿ ಕೇಳಿದರೂ, ಕೊನೆಗೆ ತವರಿನ ಬಾಗಿಲು ಮುಟ್ಟುತ್ತಾಳೆ. ಹಾಡು ಮುಗಿದ ಮೇಲೆ ಸಾಹೇಬರು ತಮ್ಮ ಹಾಡನ್ನು ತಕ್ಷಣ ಹಾಕುತ್ತಿರಲಿಲ್ಲ. ಶರಾವತಿಯ ಸೇತುವೆ ದಾಟುವವರೆಗೆ ಬರೀ ಇಂಜಿನ್ನಿನ ಸದ್ದು.

ಮಧ್ಯಾಹ್ನದ ವಾಪಸು ಟ್ರಿಪ್ಪು ಮಾತ್ರ ಬೇರೆಯೇ. ಖಾಲಿ ಬುಟ್ಟಿಗಳು ಒಂದರ ಒಳಗೆ ಒಂದು ಮಲಗಿರುತ್ತಿದ್ದವು, ನಾವು ಒಬ್ಬರ ಭುಜಕ್ಕೆ ಒಬ್ಬರು. ಭಟ್ಕಳದ ಮೆಟ್ಟಿಲುಗಳನ್ನು ಹತ್ತಿ ಇಳಿದು ಮೊಣಕಾಲು ಬೇರೆಯವರದ್ದಾಗಿರುತ್ತಿತ್ತು. ಮನೆಗೆ ಹೋದರೆ ಗದ್ದೆ, ಬಾವಿ, ಒಲೆ. ಆಗ ಸಾಹೇಬರು ಹಾಡನ್ನು ಸಣ್ಣ ಮಾಡುತ್ತಿದ್ದರು. ಅದೇ ಗಂಟಲಿನವನು ಅಷ್ಟು ಸಣ್ಣ ದನಿಯಲ್ಲಿ ಕೂಗಿದರೆ ಜೋಗುಳದ ಹಾಗೆ ಕೇಳುತ್ತಿತ್ತು. ಅರ್ಧ ನಿದ್ದೆಯಲ್ಲಿ ನನಗೆ ಅನ್ನಿಸುತ್ತಿತ್ತು, ಇವನಿಗೆ ಎಷ್ಟು ಖುಷಿ, ತಲೆಯ ಮೇಲೆ ಎಂತದೂ ಇಲ್ಲ ಎಂದು. ನನ್ನ ನಲವತ್ತು ಐವತ್ತರ ಪ್ರಾಯವೆಲ್ಲ ಹಾಗೆ ಆ ಸೀಟಿನಲ್ಲಿ ತೂಕಡಿಸುತ್ತ ಹೋಯಿತು. ಹಾಡಿನವನು ಹೋಗುತ್ತಲೇ ಇದ್ದ, ನಾವು ಹೋಗಿ ಬರುತ್ತಿದ್ದೆವು.

ಕಣ್ಣಿನ ವಿಷಯ ಮೊದಲು ಗೊತ್ತಾದದ್ದು ನನಗೆ. ಪಕ್ಕದಲ್ಲಿ ಕೂತವಳು ನಾನೇ ತಾನೇ. ಒಂದು ಮಳೆಗಾಲದ ಬೆಳಿಗ್ಗೆ ಧಾರೇಶ್ವರದ ಹತ್ತಿರ ರಸ್ತೆಯ ಮಧ್ಯೆ ಕರುವೊಂದು ನಿಂತಿತ್ತು. ಮಳೆ ಬಿಟ್ಟಿತ್ತು, ಬೆಳಕು ಚೆನ್ನಾಗಿತ್ತು. ಆದರೂ ಸಾಹೇಬರ ಕಾಲು ಬ್ರೇಕಿಗೆ ಹೋಗಲಿಲ್ಲ. ನನ್ನ ಬಾಯಿಂದ ತಾನಾಗಿ ಮಾತು ಬಂತು: "ಅಯ್ಯೋ, ಅಲ್ಲಿ ಕಾಣಿ, ಕರು ಎಷ್ಟು ಚೆಂದ ಅದೆ, ರಸ್ತೆ ಮಧ್ಯಾನೇ ನಿಂತದೆ!" ಗಾಡಿ ನಿಂತಿತು. "ಹೌದು, ಚೆಂದ ಉಂಟು" ಎಂದರು ಅವರು. ಕರು ನಿಂತದ್ದು ನಡು ರಸ್ತೆಯಲ್ಲಿ, ಅವರು ನೋಡಿದ್ದು ಬಲಕ್ಕೆ.

ಆ ಮೇಲೆ ಅದೇ ನಮ್ಮ ರೂಢಿಯಾಯಿತು. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿದವರು ಯಾರೂ ಇಲ್ಲ. ಹಾಗೆ ಹೇಳುವುದು ಹೇಗೆ? ನಮ್ಮ ಬುಟ್ಟಿಗೆ ಸೀಟು ಕಿತ್ತ ಮನುಷ್ಯ. ನಾವು ಬರೀ ಹೊಗಳುತ್ತಿದ್ದೆವು. ಎದುರಿಗೆ ಲಾರಿ ಬಂದರೆ "ಲಾರಿಗೆ ಎಷ್ಟು ಚೆಂದ ಬಣ್ಣ ಬಳದೀರು" ಎನ್ನುತ್ತಿದ್ದೆ. ರಸ್ತೆಯ ಉಬ್ಬು ಬಂದರೆ ಹಿಂದಿನಿಂದ ದೇವಿಯಕ್ಕ "ಇಲ್ಲೇ ಅಲ್ಲ ಹೋದ ವರ್ಷ ನನ್ನ ಸೊಂಟ ಉಳುಕಿದ್ದು?" ಎಂದು ಕತೆ ತೆಗೆಯುತ್ತಿದ್ದಳು. ಹೊಸಬರು ಯಾರಾದರೂ ಹತ್ತಿದರೆ ಈ ಹೆಂಗಸರಿಗೆ ಬಾಯಿಗೆ ಬಿಡುವೇ ಇಲ್ಲ ಎಂದುಕೊಳ್ಳುತ್ತಿದ್ದರು. ಸಾಹೇಬರು "ಹೌದಾ, ಹೌದಾ" ಎನ್ನುತ್ತ ಕಾಲನ್ನು ಬ್ರೇಕಿನ ಮೇಲೆ ಇಡುತ್ತಿದ್ದರು. ಅವರ ಎದುರು ನಾವು ಏನೂ ಗೊತ್ತಿಲ್ಲದವರ ಹಾಗೆ, ನಮ್ಮ ಎದುರು ಅವರು ಕಣ್ಣು ಕಾಣುವವರ ಹಾಗೆ. ಒಂದು ವರ್ಷ ಹೀಗೆ ಕಳೆಯಿತು. ದೇವರು ದೊಡ್ಡವನು ಎಂದು ಈಗ ಹೇಳಬಹುದು. ಆಗ ಅದು ನಮಗೆ ಮರ್ಯಾದೆಯ ವಿಷಯವಾಗಿತ್ತು.

ಅದೇ ವರ್ಷ ಮಂಕಿಯ ಆಚೆ ಹೊಸ ರಸ್ತೆ ಬಿಟ್ಟರು. ಹೋಗಲಿಕ್ಕೆ ಎರಡು ಸಾಲು, ಬರಲಿಕ್ಕೆ ಎರಡು ಸಾಲು. ಗುಡ್ಡ ಕಡಿದು, ಮನೆ ಕೆಡವಿ, ವರ್ಷಗಟ್ಟಲೆ ನಮಗೆ ಧೂಳು ತಿನ್ನಿಸಿ ಕೊನೆಗೆ ಒಂದು ತುಂಡು ಮುಗಿದಿತ್ತು. ಆ ಬೆಳಿಗ್ಗೆ ಗಾಡಿಯ ಚಕ್ರ ಅದರ ಮೇಲೆ ಹತ್ತಿದ್ದೇ ಒಳಗಿನ ಗಡಗಡ ಎಲ್ಲ ನಿಂತುಹೋಯಿತು. ಬುಟ್ಟಿಯೂ ಅಲುಗಲಿಲ್ಲ. ಸಾಹೇಬರು ಒಮ್ಮೆ ನನ್ನ ಕಡೆ ತಿರುಗಿದರು.

"ಅಕ್ಕಾ, ಇದೇ. ಹಾಡಲ್ಲಿ ಹೇಳೂದು ಇದನ್ನೇ."

ದನಿ ದೊಡ್ಡದು ಮಾಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಾಡಿಯನ್ನು ಹಾಡಿನ ಜೊತೆಗೆ ಬಿಟ್ಟರು. ಕಿಟಕಿಯಿಂದ ಗಾಳಿ ನುಗ್ಗಿ ನನ್ನ ಸೆರಗು ಹಿಂದಿನವರ ಮುಖಕ್ಕೆ ಬಡಿಯಿತು, ಹಿಂದೆ ಎಲ್ಲರೂ ಹೋ ಎಂದು ಕೂಗಿದರು, ಮುದುಕಿಯರೂ. ನನಗೂ ಎಂತದೋ ಆಯಿತು. ಮಗಳ ಹೆರಿಗೆ ಹತ್ತಿರ ಬಂದಿದ್ದ ದಿನಗಳು ಅವು, ರಾತ್ರಿ ನಿದ್ದೆ ಇಲ್ಲ, ಮೈಯೆಲ್ಲ ಭಾರ. ಆ ಗಾಳಿಗೆ ಎಲ್ಲ ಹಾರಿಹೋಯಿತು. ಹಾಡಿನವನು ಎಂತಕ್ಕೆ ಕೂಗುತ್ತಾನೆ ಎಂದು ನನಗೆ ಆವತ್ತು ತಿಳಿಯಿತು. ಕಣ್ಣು ಮುಚ್ಚಿಕೊಂಡೆ.

ನಾನು ಕಣ್ಣು ಮುಚ್ಚಬಾರದಿತ್ತು. ಮುಂದೆ ಒಂದು ಕಡೆ ರಸ್ತೆ ಮುಗಿದಿರಲಿಲ್ಲ, ಕೆಂಪು ಬಿಳಿ ಡ್ರಮ್ಮುಗಳನ್ನು ಅಡ್ಡ ಇಟ್ಟಿದ್ದರು. ಧಡಾರ್ ಎಂದು ಸದ್ದಾದ ಮೇಲೆ ಕಣ್ಣು ಬಿಟ್ಟೆ. ಡ್ರಮ್ಮುಗಳು ಹಾರಿಬಿದ್ದು, ಗಾಡಿ ಮಣ್ಣಿನ ರಾಶಿಗೆ ಮೂತಿ ಕೊಟ್ಟು ನಿಂತಿತ್ತು. ಈರುಳ್ಳಿ ರಸ್ತೆಯ ತುಂಬ ಉರುಳಾಡುತ್ತಿತ್ತು. ದೇವಿಯಕ್ಕನ ಮುಂದಿನ ಒಂದು ಹಲ್ಲು ಮುರಿದು ತುಟಿ ಒಡೆದಿತ್ತು. ಉಳಿದವರಿಗೆ ತರಚು ಗಾಯ. ಹಾಡು ಮಾತ್ರ ನಿಂತಿರಲಿಲ್ಲ, ಅವನು ಹೋಗುತ್ತಲೇ ಇದ್ದ.

ಕೆಲಸದ ಜನ ಓಡಿ ಬಂದು ಎಂತಾಯಿತು ಎಂದು ಕೇಳಿದರು. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

"ಬ್ರೇಕ್ ಹಿಡೀಲಿಲ್ಲ," ಎಂದೆ ನಾನು.

"ಹೌದು, ಬ್ರೇಕು," ಎಂದಳು ದೇವಿಯಕ್ಕ, ಬಾಯಿಗೆ ಸೆರಗು ಒತ್ತಿಕೊಂಡು.

ಸಾಹೇಬರು ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದರು. "ಬ್ರೇಕು" ಎಂದು ಅವರೂ ಅಂದರು.

ಸಂಜೆ ಊರಿಗೆ ಬರುವಾಗ ದೇವಿಯಕ್ಕ ನನಗೆ ಹೇಳಿದಳು: "ಈ ಸಲ ಈರುಳ್ಳಿ ಉರುಳ್ತು, ಹಲ್ಲು ಹೋತು. ಯಾರಾದ್ರೂ ಅವ್ರಿಗೆ ಹೇಳೂಕೆ ಬೇಕು." "ನೀನೇ ಹೇಳು" ಎಂದೆ. "ನಂಗೆ ಬಾಯಿ ಬರೂದಿಲ್ಲ ಮಾರಾಯ್ತಿ. ಬಾಯಿ ತೆಗೆದ್ರೆ ಹಲ್ಲು ಇಲ್ಲದ್ದು ಕಾಣ್ತದೆ, ಅವ್ರು ಅದನ್ನೇ ನೋಡಿ ಮರಗ್ತ್ರು" ಎಂದು ಆ ನೋವಿನಲ್ಲೂ ನಕ್ಕಳು. ನಾನೂ ಹೇಳಲಿಲ್ಲ. ಗಾಡಿ ರಿಪೇರಿಯಾಗಿ ಬಂತು. ಬ್ರೇಕ್ ಹೊಸದು ಹಾಕಿಸಿದ್ದೇನೆ ಎಂದು ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾವು ಮತ್ತೆ ಕೂತೆವು.

ಹತ್ತು ದಿನದ ಮೇಲೆ ಹೊನ್ನಾವರದ ಆಸ್ಪತ್ರೆಯಲ್ಲಿ ಮಗಳು ಹೆತ್ತಳು. ಹೆಣ್ಣು. ಕಪ್ಪು ಕೂದಲು, ಮುಷ್ಟಿ ಬಿಗಿ ಹಿಡಿದುಕೊಂಡು, ಯಾರ ಮೇಲೋ ಸಿಟ್ಟು ಬಂದ ಹಾಗೆ ಮುಖ. ನರ್ಸಮ್ಮ ತಂದು ನನ್ನ ಕೈಯಲ್ಲಿ ಇಟ್ಟಾಗ ನಾನು ಎಂತ ಮಾಡಿದೆ ಎಂದು ನನಗೆ ನೆನಪಿಲ್ಲ. ಇಡೀ ವಾರ್ಡಿಗೆ ಬೆಲ್ಲ ಹಂಚಿದೆನಂತೆ, ಗುರುತಿಲ್ಲದವರ ಕೆನ್ನೆಗೂ ಮುತ್ತು ಕೊಟ್ಟೆನಂತೆ. ನೆಲದ ಮೇಲೆ ಚಾಪೆ ಹಾಸಿ ಐದು ದಿನ ಮಲಗಿದೆ. ಬೆನ್ನು ಒಡೆದು ಹೋಗುತ್ತಿತ್ತು. ಆದರೂ ಅಷ್ಟು ಸುಖದ ನೋವು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಕೂಸನ್ನು ಮನೆಗೆ ತರುವುದು ತಾನೇ ಎಂದು ಸಾಹೇಬರು ಹೇಳಿ ಕಳಿಸಿದರು. ಆವತ್ತಿನ ಟ್ರಿಪ್ಪು ಬಿಟ್ಟು ಬಂದರು. ಗಾಡಿ ತೊಳೆದಿದ್ದರು, ನನ್ನ ಸೀಟಿಗೆ ಹೊಸ ಟವೆಲು ಹಾಸಿದ್ದರು, ಕನ್ನಡಿಗೆ ಭಟ್ಕಳ ಮಲ್ಲಿಗೆಯ ದಂಡೆ. ಇಸ್ತ್ರಿ ಅಂಗಿ, ಅತ್ತರು.

"ಅಕ್ಕಾ, ಹಾಡು ಆರಿಸಿ ಇಟ್ಟಿದ್ದೇನೆ. ಇದರಲ್ಲಿ ಕೂಗೂದು ಕಡಿಮೆ. ಕೂಸು ಹೆದರೂದಿಲ್ಲ. ತೋರಿಸಿ ಒಮ್ಮೆ."

ನಾನು ಕೂಸನ್ನು ಮುಂದೆ ಹಿಡಿದೆ. ಅವರು ಆಶೀರ್ವಾದಕ್ಕೆ ಕೈ ಚಾಚಿದರು. ಆ ಕೈ ನನ್ನ ಮೊಣಕೈಯ ಹತ್ತಿರ ಬಟ್ಟೆಯ ಮಡಿಕೆಗೆ ಬಂತು, ಅಲ್ಲಿಂದ ಮೆಲ್ಲಗೆ ಹುಡುಕುತ್ತ ಹುಡುಕುತ್ತ ಕೂಸಿನ ತಲೆಗೆ ಮುಟ್ಟಿತು. ನಡು ಹಗಲು ಹನ್ನೊಂದು ಗಂಟೆ.

ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ. ಇನ್ನೊಂದು ಕಾಲು ಮೇಲೆ ಬರಲಿಲ್ಲ.

"ಸಾಹೇಬ್ರೇ," ಎಂದೆ. "ಇವತ್ತು ನಮ್ಮ ಅಳಿಯ ಓಡಿಸ್ಲಿ."

"ಎಂತಕ್ಕೆ?"

"ಸುಮ್ನೆ."

"ಸುಮ್ನೆ ಅಂದ್ರೆ? ಅವ ಓಡಿಸೂದು ಮೂರು ಗಾಲಿದು."

ಅಳಿಯ ಗೂಡ್ಸ್ ರಿಕ್ಷಾ ಓಡಿಸುವವನು, ಟೆಂಪೋವೂ ಬರುತ್ತದೆ. ಅವನಿಗೆ ನಾಚಿಕೆಯಾಯಿತು. "ಅತ್ತೆ, ಎಂತ ಹೇಳ್ತ್ರಿ ನೀವು? ಸಾಹೇಬ್ರು ಇರೂವಾಗ ನಾ ಎಂತಕ್ಕೆ?" ಎಂದ. ಸಾಹೇಬರು ಕೈಯೆತ್ತಿ ಅವನನ್ನು ನಿಲ್ಲಿಸಿದರು. ಮುಖ ನನ್ನ ಕಡೆಗೇ ಇತ್ತು.

"ಯಾವಾಗಿಂದ ಗೊತ್ತು ಅಕ್ಕಾ?"

"ಹೋದ ಮಳೆಗಾಲದಿಂದ."

"ದೇವಿಯಕ್ಕನಿಗೆ?"

"ಎಲ್ಲರಿಗೂ."

"ಗೊತ್ತಿದ್ದೂ ಕೂತ್ರಿ?"

"ಕೂತ್ವು."

"ಇವತ್ತು?"

ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. "ಇವತ್ತು ಕೂರೂಕೆ ಆಗೂದಿಲ್ಲ ಸಾಹೇಬ್ರೇ. ನನ್ನ ಬೈರಿ, ಹೊಡೀರಿ. ಇದನ್ನ ಹಿಡ್ಕಂಡು ಕೂರೂಕೆ ಆಗೂದಿಲ್ಲ."

ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಮಾತ್ರ ಏರಲಿಲ್ಲ. "ನಿಮ್ಮ ಜೀವಕ್ಕೆ ಬೆಲೆ ಇಲ್ಲವಾ ಅಕ್ಕಾ? ಬುಟ್ಟಿ ಹೊರುವವರದ್ದು ಜೀವ ಅಲ್ಲವಾ? ಒಂದು ವರ್ಷ ಅದರ ಮೇಲೆ ನನಗೆ ಗಾಡಿ ಓಡಿಸಲಿಕ್ಕೆ ಬಿಟ್ರಿ. ಒಂದು ಮಾತು ಮೊದಲೇ ಹೇಳಿದ್ರೆ ನಾನು ಅವತ್ತೇ ಇಳೀತಿದ್ದೆ."

"ಇಳೀತಿದ್ರಾ?"

ಆಸ್ಪತ್ರೆಯ ಗೇಟಿನಲ್ಲಿ ರಿಕ್ಷಾಗಳು ಬಂದವು, ಹೋದವು. ಮಗಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಹೊಲಿಗೆ ಹಸಿಯಾಗಿತ್ತು.

"ಇಲ್ಲ," ಎಂದರು ಕೊನೆಗೆ. "ಇಳೀತಿರ್ಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ನರ ತಿಂದಿದೆ, ಆಪರೇಷನ್ ಮಾಡಿದ್ರೂ ಬರೂದಿಲ್ಲ ಅಂತ ಡಾಕ್ಟರ್ರು ಹೇಳಿ ಎಷ್ಟೋ ದಿನ ಆಯ್ತು. ಮನೆಯಲ್ಲಿ ಹೇಳಲಿಲ್ಲ. ರಸ್ತೆ ಈಗ ಮುಗೀತಾ ಉಂಟಲ್ಲ ಅಕ್ಕಾ. ಪೂರಾ ಮುಗಿದ ಮೇಲೆ ಒಂದೇ ಸಲ, ಭಟ್ಕಳದಿಂದ ಕುಮಟೆಗೆ, ಎಲ್ಲೂ ಗೇರ್ ಇಳಿಸದೆ ಹೋಗಬೇಕು ಅಂತ ಇತ್ತು. ಅಷ್ಟೇ ಇತ್ತು."

ಆ ರಸ್ತೆ ಇವತ್ತಿಗೂ ಪೂರಾ ಮುಗಿದಿಲ್ಲ.

ಅವರು ಡ್ರೈವರ್ ಸೀಟಿನಿಂದ ಇಳಿದರು. ಅಳಿಯನನ್ನು ಕೂರಿಸಿದರು. ಕಿಟಕಿಯ ಹೊರಗೆ ನಿಂತು ಹೇಳಿಕೊಟ್ಟರು: ಎರಡನೇ ಗೇರ್ ಸ್ವಲ್ಪ ಬಿಗಿ, ಒತ್ತಬೇಡ, ಕೇಳಿಕೊಂಡ ಹಾಗೆ ಹಾಕು. ಕ್ಲಚ್ಚು ಮೆಲ್ಲಗೆ ಬಿಡು, ಬಾಣಂತಿ ಇದ್ದಾಳೆ. ಕರ್ಕಿ ತಿರುವಿನಲ್ಲಿ ಇಪ್ಪತ್ತು, ಇಪ್ಪತ್ತೊಂದು ಬೇಡ. ನಾಳೆ ಗಾಡಿ ಭಟ್ಕಳ ಸ್ಟ್ಯಾಂಡಿಗೆ ತಂದುಬಿಡು.

"ನೀವೂ ಬನ್ನಿ ಸಾಹೇಬ್ರೇ, ಹಿಂದೆ ಕೂರುವ. ಮನೇಲಿ ಪಾಯಸ ಅದೆ," ಎಂದೆ.

"ನನ್ನ ಗಾಡಿಯಲ್ಲಿ ನಾನು ಹಿಂದೆ ಕೂರೂದಾ?" ಎಂದು ನಗಲು ನೋಡಿದರು. "ಬೇಡ ಅಕ್ಕಾ. ಬಸ್ಸು ಉಂಟು. ಹೋಗಿ ಬನ್ನಿ. ಕೂಸಿಗೆ ಬಿಸಿಲಾಗ್ತದೆ."

ಆವತ್ತು ನಾನು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತೆ. ಅಳಿಯ ಚಾವಿ ತಿರುಗಿಸಿದ್ದೇ ಅವರು ಆರಿಸಿಟ್ಟ ಹಾಡು ಶುರುವಾಯಿತು. ನಿಜವಾಗಿಯೂ ಅದರಲ್ಲಿ ಕೂಗು ಕಡಿಮೆ ಇತ್ತು, ಬಿಸಿಲಲ್ಲಿ ಒಬ್ಬನೇ ದೂರ ಹೋಗುವವನು ತನ್ನಷ್ಟಕ್ಕೆ ಹಾಡಿದ ಹಾಗೆ. ಕೂಸು ಬೆಚ್ಚಿ ಮುಖ ಕಿವುಚಿತು. ಅಳಿಯ ಗಾಬರಿಯಾಗಿ ಹಾಡು ನಿಲ್ಲಿಸಿಬಿಟ್ಟ. ಗಾಡಿ ಹಾಡಿಲ್ಲದೆ ಗೇಟು ದಾಟಿ ಕುಮಟೆಯ ಕಡೆಗೆ ಬಲಕ್ಕೆ ಹೊರಳಿತು.

ಹಿಂದಿನ ಗಾಜಿನಿಂದ ನೋಡಿದೆ. ನಮ್ಮ ಹಿಂದೆಯೇ ಗೇಟಿನಿಂದ ಇನ್ನೊಂದು ಬಿಳಿ ಟೆಂಪೋ ಹೊರಬಿದ್ದು ಎಡಕ್ಕೆ ಹೋಯಿತು. ಸಾಹೇಬರು ಅದರ ಕಡೆ ತಿರುಗಿ ನಿಂತರು. ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡರು. ಕೈ ಎತ್ತರಕ್ಕೆ ಎತ್ತಿ ಅದಕ್ಕೇ ಬೀಸಿದರು. ಅದು ದೂರ ಆಗುವವರೆಗೂ, ಆದ ಮೇಲೂ, ನಗುತ್ತ ಬೀಸುತ್ತಲೇ ಇದ್ದರು.

ಒಂದು ಹಾರ್ನ್ ಹೊಡಿ ಎಂದು ಅಳಿಯನಿಗೆ ಹೇಳಲು ಬಾಯಿ ತೆರೆದೆ. ಹಾರ್ನ್ ಕೇಳಿದರೆ ಅವರು ಈ ಕಡೆ ತಿರುಗುತ್ತಿದ್ದರು. ತಿರುಗಿದರೆ, ತಾನು ಕೈ ಬೀಸಿದ್ದು ಬೇರೆ ಯಾರದೋ ಗಾಡಿಗೆ ಎಂದು ಅವರಿಗೆ ತಿಳಿಯುತ್ತಿತ್ತು.

ಮಡಿಲಲ್ಲಿ ಕೂಸು ನನ್ನ ಬೆರಳು ಹಿಡಿದುಕೊಂಡು ನಿದ್ದೆ ಹೋಗಿತ್ತು. ನಾನು ಸುಮ್ಮನೆ ಕೂತೆ.